ಎಷ್ಟೆಂದು ಮೊದಲೇ ತಿಳಿಯದ ಸಂಖ್ಯೆಗಳು

ಬಳಕೆದಾರರು ಟೈಪ್ ಮಾಡುವ ಸಂಖ್ಯೆಗಳನ್ನು ಓದಿ ಕೂಡಿಡುವುದು ಪ್ರೋಗ್ರಾಮಿಂಗ್‌ನ ಆರಂಭದ ಪಾಠಗಳಲ್ಲೇ ಬರುವ ಕೆಲಸವಾದರೂ, ಅವು ಎಷ್ಟಿರುತ್ತವೆಂದು ಮುಂಚಿತವಾಗಿ ತಿಳಿಯದಿದ್ದಾಗ ಜಾವಾ ಭಾಷೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ: ಅವುಗಳನ್ನು ಎಲ್ಲಿ ಇರಿಸಬೇಕು, ಓದುವುದನ್ನು ಯಾವಾಗ ನಿಲ್ಲಿಸಬೇಕು. ಮೊದಲನೆಯದು ಬಹುಮಟ್ಟಿಗೆ ಬಗೆಹರಿದ ಪ್ರಶ್ನೆ, ತೊಡಕಿರುವುದು ಎರಡನೆಯದರಲ್ಲಿ.

ಒಂದೇ ಬಗೆಯ ಮೌಲ್ಯಗಳನ್ನು ಸಾಲಾಗಿ ಇಡುವ ‘ಅರೇ’ ಎಂಬ ರಚನೆಯ ಉದ್ದ ಅದನ್ನು ಸೃಷ್ಟಿಸುವಾಗಲೇ ನಿಗದಿಯಾಗುತ್ತದೆ, ಆಮೇಲೆ ಹಿಗ್ಗುವುದಿಲ್ಲ. 1998ರ ಜಾವಾ 1.2 ಆವೃತ್ತಿಯೊಂದಿಗೆ ಬಂದ ‘ಅರೇಲಿಸ್ಟ್’ ಸಹ ಒಳಗೆ ಅರೇಯನ್ನೇ ಬಳಸುತ್ತದೆಯಾದರೂ, ಅದು ತುಂಬಿದೊಡನೆ ಇನ್ನೂ ಉದ್ದದ ಅರೇಯೊಂದನ್ನು ಸೃಷ್ಟಿಸಿ ಹಳೆಯದರಲ್ಲಿದ್ದುದನ್ನು ಅದಕ್ಕೆ ನಕಲಿಸುತ್ತದೆ. ಬಳಕೆಯಲ್ಲಿರುವ ಜಾವಾ ಅನುಷ್ಠಾನವಾದ ಓಪನ್‌ಜೆಡಿಕೆಯಲ್ಲಿ ಈ ಬೆಳವಣಿಗೆ ಸುಮಾರು ಒಂದೂವರೆ ಪಟ್ಟು, ಅಂದರೆ 10 ಸ್ಥಾನಗಳು 15 ಆಗಿ, 15 ಸ್ಥಾನಗಳು 22 ಆಗಿ ಬೆಳೆಯುತ್ತವೆ. ಒಂದೊಂದೇ ಸ್ಥಾನ ಹೆಚ್ಚಿಸುತ್ತಾ ಹೋಗಿದ್ದರೆ ಪ್ರತಿಯೊಂದು ಸೇರ್ಪಡೆಗೂ ಇಡೀ ಪಟ್ಟಿಯನ್ನು ನಕಲಿಸಬೇಕಾಗುತ್ತಿತ್ತು.

ಓದುವುದಕ್ಕೆಂದು 2004ರ ಜಾವಾ 5ರಲ್ಲಿ ಸೇರಿದ ‘ಸ್ಕ್ಯಾನರ್’ ಇದೆ. ಮುಂದೆ ಪೂರ್ಣಾಂಕ ಇದೆಯೇ ಎಂದು ಪರೀಕ್ಷಿಸುವ ಇದರ ‘ಹ್ಯಾಸ್‌ನೆಕ್ಸ್ಟ್‌ಇಂಟ್’ ವಿಧಾನವನ್ನು ‘ವೈಲ್’ ಆವರ್ತದಲ್ಲಿಟ್ಟು, ಉತ್ತರ ಹೌದೆಂದಿರುವವರೆಗೆ ಸಂಖ್ಯೆಗಳನ್ನು ಪಟ್ಟಿಗೆ ಸೇರಿಸುವುದು ವಾಡಿಕೆಯ ಕ್ರಮ. ಕಡತದಿಂದ ಓದುವಾಗ ಕಡತ ಮುಗಿದಲ್ಲಿ ಆವರ್ತವೂ ತಾನಾಗಿ ಮುಗಿಯುತ್ತದೆ. ಕೀಲಿಮಣೆಗೆ ಅಂಥ ಅಂತ್ಯವಿಲ್ಲ. ಸ್ಕ್ಯಾನರ್ ಖಾಲಿ ಸಾಲುಗಳನ್ನು ದಾಟಿ ಮುಂದಿನ ಸಂಖ್ಯೆಗಾಗಿ ಕಾಯುವುದರಿಂದ ಎಂಟರ್ ಒತ್ತಿದಷ್ಟೂ ಪ್ರೋಗ್ರಾಂ ಸುಮ್ಮನೆ ಕುಳಿತಿರುತ್ತದೆ, ಕಲಿಯುವವರು ಅದು ಕೆಟ್ಟಿತೆಂದೇ ಭಾವಿಸುತ್ತಾರೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಕಂಟ್ರೋಲ್ ಮತ್ತು ಡಿ, ವಿಂಡೋಸ್‌ನಲ್ಲಿ ಕಂಟ್ರೋಲ್ ಮತ್ತು ಝಡ್ ಒತ್ತಿ ಎಂಟರ್ ಕೊಟ್ಟರೆ ಇನ್‌ಪುಟ್ ಮುಗಿಯಿತೆಂಬ ಸೂಚನೆ ತಲುಪುತ್ತದೆ.

ಕೆಲವು ಪಠ್ಯಪುಸ್ತಕಗಳು ಇದಕ್ಕೆ ಬದಲಾಗಿ -1ನ್ನು ಮುಕ್ತಾಯದ ಗುರುತಾಗಿ ಬಳಸುತ್ತವೆ. ವಿದ್ಯಾರ್ಥಿಗಳ ಅಂಕಗಳ ಮಟ್ಟಿಗೆ ಇದು ಸರಿಹೋದರೂ, ಶೂನ್ಯಕ್ಕಿಂತ ಕೆಳಗಿಳಿಯಬಲ್ಲ ತಾಪಮಾನದ ವಿಷಯದಲ್ಲಿ -1 ನಿಜವಾದ ಮಾಹಿತಿಯೇ ಆಗಿರಬಹುದಾದ್ದರಿಂದ ಆ ಗುರುತು ನಂಬಿಕೆಗೆ ತಕ್ಕದ್ದಲ್ಲ.

ಹ್ಯಾಸ್‌ನೆಕ್ಸ್ಟ್‌ಇಂಟ್‌ನಲ್ಲಿ ಇದಕ್ಕಿಂತ ಗಂಭೀರವಾದ ದೋಷವೊಂದು ಅಡಗಿದೆ: ಇನ್‌ಪುಟ್ ಮುಗಿದಾಗಲೂ, 45 ಎಂದು ಹೊಡೆಯುವ ಬದಲು ಬೆರಳು ಜಾರಿ ‘4ಆರ್’ ಎಂದು ಹೊಡೆದಾಗಲೂ ಅದು ಕೊಡುವ ಉತ್ತರ ಒಂದೇ, ಇಲ್ಲ ಎಂಬುದು. ಆಗ ಆವರ್ತ ಸದ್ದಿಲ್ಲದೆ ನಿಂತು, ಉಳಿದ ಸಂಖ್ಯೆಗಳು ಪಟ್ಟಿ ಸೇರದೆ, ಪಟ್ಟಿಯಿಂದ ಸರಾಸರಿ ಲೆಕ್ಕಹಾಕಿದರೆ ಅದೂ ತಪ್ಪಾಗಿ ಬರುತ್ತದೆ. ದೋಷದ ಸಂದೇಶ ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ಆದ್ದರಿಂದ ಮನುಷ್ಯರು ಟೈಪ್ ಮಾಡುವ ಮಾಹಿತಿಯನ್ನು ‘ಬಫರ್ಡ್‌ರೀಡರ್’ನ ‘ರೀಡ್‌ಲೈನ್’ ಮೂಲಕ ಸಾಲುಸಾಲಾಗಿ ಪಠ್ಯರೂಪದಲ್ಲೇ ಓದಿ, ಖಾಲಿ ಸಾಲು ಅಥವಾ ಇನ್‌ಪುಟ್‌ನ ಅಂತ್ಯವನ್ನು ತಿಳಿಸುವ ‘ನಲ್’ ಬಂದಾಗ ನಿಲ್ಲಿಸಿ, ಸಂಖ್ಯೆಯಾಗದ ಸಾಲು ಸಿಕ್ಕಾಗ ಬಳಕೆದಾರರಿಗೆ ಅದನ್ನು ತಿಳಿಸಿ ಮತ್ತೆ ಕೇಳುವುದೇ ಮೇಲು. ಕೋಡ್ ಕೆಲವು ಸಾಲು ಹೆಚ್ಚಾಗುತ್ತದೆ.