ಎಕ್ಕದ ಜೋಡಿ ಬಂದರೂ...

ಶಂಕರಪುರಂ ಮನೆಗಳ ರಮ್ಮಿ ಕಟ್ಟೇ ಪೋಕರ್‌ಗೂ ಸಾಕು, ಜೋಕರ್ ತೆಗೆದಿಟ್ಟರಾಯಿತು. ಹೋಲ್ಡೆಮ್ ಎಂಬ ಬಗೆಯಲ್ಲಿ ಮೊದಲು ಕೈಗೆ ಬರುವುದು ಎರಡೇ ಎಲೆ. ನಡುವೆ ಬಿಚ್ಚುವ ಐದು ಎಲೆಗಳು ಎಲ್ಲರಿಗೂ ಸೇರಿದವು. 52 ಎಲೆಗಳಿಂದ 1,326 ಜೋಡಿಗಳಾಗುತ್ತವೆ. ಎರಡೂ ಎಕ್ಕವಾಗುವುದು ಆರರಲ್ಲಿ ಮಾತ್ರ, ಅಂದರೆ ಸರಾಸರಿ 221 ಸಲಕ್ಕೊಮ್ಮೆ. (ಪಿ.ಯು. ವಿದ್ಯಾರ್ಥಿಗಳು ತಾಳೆ ನೋಡಬಹುದು.)

ಎದುರಾಳಿ ಒಬ್ಬನೇ ಆದರೆ ಈ ಜೋಡಿ ಗೆಲ್ಲುವ ಸಂಭವ ಸುಮಾರು ಶೇ. 85, ಎಂಟು ಮಂದಿ ಕೊನೆಯವರೆಗೂ ಉಳಿದರೆ ಸುಮಾರು ಶೇ. 35. ಬಲ್ಲವರು ಆರಂಭದಲ್ಲೇ ಪಣ ಏರಿಸಿ ಎದುರಾಳಿಗಳನ್ನು ಕಡಿಮೆ ಮಾಡಿಕೊಳ್ಳುವುದು ಇದಕ್ಕೇ.

ಟೂರ್ನಿಯಲ್ಲಿ ಬಿಲ್ಲೆಗಳೆಲ್ಲ ಹೋದರೆ ಆಟ ಮುಗಿಯಿತು. ಶೇ. 85ರ ಅನುಕೂಲದಲ್ಲೇ ಐದು ಸಲ ಸರ್ವಸ್ವವನ್ನೂ ಒಡ್ಡಿದರೆ, ಐದರಲ್ಲೂ ಗೆಲ್ಲುವ ಸಂಭವ ಶೇ. 44 ಮಾತ್ರ!

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಈ ಲೆಕ್ಕ ಪರೀಕ್ಷಿಸಲು ಒಂದು ಹಿಡಿ ಹುಣಿಸೆ ಬೀಜ ಸಾಕು.