ಮಕ್ಕಳ ಕೈಯಲ್ಲಿ ಚಿಟ್ಟೆಯ ತವರುಮನೆ

ಜೂನ್ ತಿಂಗಳು ಬಂತೆಂದರೆ ಸಾಕು, ಮಕ್ಕಳು ಶಾಲೆಯಿಂದ ಬಂದವರೇ "ಅಮ್ಮಾ, ನಾಳೆ ಗಿಡ ನೆಡೋದಿದೆ, ಮನೆಯಿಂದ ಒಂದು ಸಸಿ ತರಬೇಕಂತೆ" ಎನ್ನುತ್ತಾರೆ. ಜೂನ್ 5 ವಿಶ್ವ ಪರಿಸರ ದಿನ. 1973ರಿಂದ ನಡೆದುಕೊಂಡು ಬಂದಿದೆ. ಅಂದು ಭಾಷಣವಾಗುತ್ತದೆ, ಫೋಟೋ ತೆಗೆಯುತ್ತಾರೆ, ಮಕ್ಕಳಿಗೆ ಸಿಹಿ ಹಂಚುತ್ತಾರೆ. ಎಲ್ಲ ಸರಿಯೇ. ಆದರೆ ಮುಂದಿನ ಬೇಸಿಗೆಯ ಹೊತ್ತಿಗೆ ಆ ಗಿಡಗಳ ಗತಿ ಏನು? ಎಷ್ಟೋ ಕಡೆ ಒಣಗಿ ಕಡ್ಡಿಯಾಗಿರುತ್ತವೆ. ಗಿಡ ಹೋಯಿತೆಂಬುದಕ್ಕಿಂತ ದೊಡ್ಡ ನಷ್ಟ ಇಲ್ಲೊಂದಿದೆ. ಗಿಡ ನೆಡುವುದು ಫೋಟೋಕ್ಕಾಗಿ ಎಂಬ ಪಾಠ ಮಗುವಿನ ಮನಸ್ಸಿಗೆ ಇಳಿದುಬಿಡುತ್ತದೆ.

ಇನ್ನೊಂದು ಮಾತು. ಶಾಲೆಗಳಲ್ಲಿ ಸಾಮಾನ್ಯವಾಗಿ ನೋಡಲು ಚೆಂದವೆಂದು ಅಲಂಕಾರದ ಗಿಡಗಳನ್ನೇ ನೆಡುತ್ತಾರೆ. ಅವುಗಳಲ್ಲಿ ಎಷ್ಟೋ ಗಿಡಗಳ ಎಲೆಯನ್ನು ನಮ್ಮ ಕಡೆಯ ಹುಳುಹುಪ್ಪಟೆ ಮುಟ್ಟುವುದೂ ಇಲ್ಲ. ಒಂದು ಜೀವಿ ಬಂದು ನೆಲೆಸಬೇಕಾದರೆ ಅದಕ್ಕೆ ಊಟ, ಮೊಟ್ಟೆಯಿಡಲು ಜಾಗ, ನೀರು, ಮರೆ ಎಲ್ಲವೂ ಬೇಕು. ನಮಗೆ ಮನೆ ಬೇಕಾದ ಹಾಗೆಯೇ ಅಲ್ಲವೇ? ಹೀಗೆ ಮಕ್ಕಳೇ ಕಟ್ಟಿಕೊಡಬಹುದಾದ ಮನೆಗಳಲ್ಲಿ ಬಹಳ ಸುಲಭದ್ದು ಚಿಟ್ಟೆಯ ಮನೆ.

ಕರಿಬೇವಿನ ಹುಳು ಯಾರು?

ಚಿಟ್ಟೆ ಯಾವ ಹೂವಿನಿಂದಾದರೂ ಜೇನು ಹೀರೀತು. ಆದರೆ ಮೊಟ್ಟೆಯಿಡುವಾಗ ಮಾತ್ರ ಬಹಳ ಚೌಕಾಸಿ ಮಾಡುತ್ತದೆ. ಹುಟ್ಟುವ ಮರಿಹುಳು ತಿನ್ನುವಂಥ ಎಲೆ ಇರುವ ಗಿಡವನ್ನೇ ಹುಡುಕಿಕೊಂಡು ಹೋಗುತ್ತದೆ. ಆ ಗಿಡ ಊರಿನಲ್ಲಿ ಇಲ್ಲವಾದರೆ ಆ ಚಿಟ್ಟೆಯೂ ಇಲ್ಲ.

"ಅಯ್ಯೋ, ನಮ್ಮ ಕರಿಬೇವಿಗೆ ಹುಳ ಬಿದ್ದಿದೆ ಕಣ್ರೀ, ಏನು ಹೊಡೀಲಿ?" ಎಂದು ಕೇಳದ ಗೃಹಿಣಿ ಇಲ್ಲ. ಆ ಹುಳು ಬೇರೆ ಯಾರೂ ಅಲ್ಲ, ನಿಂಬೆ ಚಿಟ್ಟೆಯ ಮರಿಯೋ, ಬಿಳಿ ಪಟ್ಟೆಯ ಕಪ್ಪು ಚಿಟ್ಟೆಯ ಮರಿಯೋ ಇರಬಹುದು. ಎರಡೂ ಕರಿಬೇವು, ನಿಂಬೆಯ ಗಿಡಗಳ ಮೇಲೆ ರವೆಯಷ್ಟು ಚಿಕ್ಕ ತಿಳಿಹಳದಿ ಮೊಟ್ಟೆ ಇಡುತ್ತವೆ. ಮೊದಲು ಮರಿಹುಳು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಶತ್ರುಗಳ ಕಣ್ಣಿಗೆ ಮಣ್ಣೆರಚುವ ವೇಷ ಅದು. ಬೆಳೆದ ಮೇಲೆ ಎಲೆಯಂತೆಯೇ ಹಸಿರಾಗುತ್ತದೆ. ಒಂದು ಕಡ್ಡಿಯಿಂದ ಮೆಲ್ಲಗೆ ತಟ್ಟಿದರೆ ತಲೆಯ ಹಿಂದಿನಿಂದ ಎರಡು ಕವಲಿನ ಕೋಡು ಹೊರಹಾಕಿ ವಾಸನೆ ಬಿಡುತ್ತದೆ. ಮಕ್ಕಳಿಗೆ ಇದಕ್ಕಿಂತ ಮೋಜು ಬೇಕೇ! ಮೊಟ್ಟೆಯಿಂದ ಚಿಟ್ಟೆಯಾಗುವವರೆಗೆ ಸುಮಾರು ಒಂದು ತಿಂಗಳು ಸಾಕು. ಮರ ನೆಟ್ಟ ಮಗು ನೆರಳಿಗಾಗಿ ವರ್ಷಗಟ್ಟಲೆ ಕಾಯಬೇಕು. ಕರಿಬೇವು ನೆಟ್ಟ ಮಗುವಿಗೆ ತನ್ನ ಕೆಲಸದ ಫಲ ಬೇಗ ಕಣ್ಣಿಗೆ ಕಾಣುತ್ತದೆ.

ನೆಡಬಹುದಾದ ಗಿಡಗಳು

ಶಾಲೆಯ ಅಂಗಳದ ಒಂದು ಮೂಲೆ ಸಾಕು. ಬಿಸಿಲು ಚೆನ್ನಾಗಿ ಬೀಳುವ ಜಾಗ ಇರಲಿ.

ಕರಿಬೇವು, ನಿಂಬೆ: ಮೇಲೆ ಹೇಳಿದ ಎರಡು ಚಿಟ್ಟೆಗಳಿಗೆ.

ಕಕ್ಕೆ: ಬೇಸಿಗೆಯಲ್ಲಿ ಹಳದಿ ಗೊಂಚಲು ಬಿಡುವ ಮರ. ಇದರ ಎಲೆ ತಿಳಿಹಳದಿ ಚಿಟ್ಟೆಯೊಂದರ ಮರಿಗಳಿಗೆ ಊಟ.

ಎಕ್ಕ: ಕಿತ್ತಳೆ ಬಣ್ಣದ ಹುಲಿ ಚಿಟ್ಟೆಗೆ. ಎಕ್ಕದ ವಿಷ ಮರಿಹುಳುವಿನ ಮೈಸೇರಿ, ಚಿಟ್ಟೆಯಾದ ಮೇಲೂ ಹಕ್ಕಿಗಳಿಗೆ ರುಚಿಸದಂತೆ ಕಾಯುತ್ತದೆ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಬೇಲಿಯಾಚೆ ಇರಲಿ.

ಈಶ್ವರಿ ಬಳ್ಳಿ: ಕೆಂಪು ಮೈಯ ಕಪ್ಪು ಚಿಟ್ಟೆಗೆ. ಮಲೆನಾಡಿನ ಕಡೆಯವರಾದರೆ ನಮ್ಮ ರಾಜ್ಯದ ಚಿಟ್ಟೆಯಾದ ದೊಡ್ಡ ಬರ್ಡ್‌ವಿಂಗ್ ಕೂಡ ಬಂದು ಮೊಟ್ಟೆಯಿಟ್ಟೀತು.

ಇವುಗಳ ನಡುವೆ ತುಂಬೆ ಇದ್ದರೆ ದೊಡ್ಡ ಚಿಟ್ಟೆಗಳಿಗೆ ಜೇನಾಯಿತು. ಒಂದೆಡೆ ಮಣ್ಣನ್ನು ಸದಾ ಒದ್ದೆಯಾಗಿಡಿ. ಚಿಟ್ಟೆಗಳು ಅಲ್ಲಿ ಕುಳಿತು ಉಪ್ಪಿನಂಶ ಹೀರುತ್ತವೆ. ಔಷಧಿ ಮಾತ್ರ ಸಿಂಪಡಿಸಬಾರದು. ಲಂಟಾನದ ಹೂವಿಗೂ ಚಿಟ್ಟೆ ಬರುತ್ತದಲ್ಲ ಎನ್ನಬೇಡಿ. ಅಮೆರಿಕದ ಕಡೆಯಿಂದ ಬಂದ ಆ ಗಿಡ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಹಬ್ಬಿ, ಅಲ್ಲಿನ ಗಿಡ ಹುಲ್ಲುಗಳಿಗೆ ಜಾಗವಿಲ್ಲದಂತೆ ಮಾಡಿದೆ.

ಮಕ್ಕಳಿಗೆ ಒಂದು ಎಚ್ಚರಿಕೆ ಹೇಳಿಕೊಡಿ: ಮೈತುಂಬ ಕೂದಲಿರುವ ಕಂಬಳಿ ಹುಳುವನ್ನು ಮುಟ್ಟಬಾರದು, ತುರಿಕೆಯಾಗುತ್ತದೆ.

ರಜೆಯಲ್ಲಿ ನೀರು ಹಾಕುವವರು ಯಾರು?

ಇಲ್ಲೇ ನೋಡಿ ಎಲ್ಲ ಕೆಡುವುದು. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಶಾಲೆಗೆ ಬೀಗ. ಬಿಸಿಲಿನ ಕಾವು ಹೆಚ್ಚುವುದೂ ಆಗಲೇ. ಮೇಷ್ಟ್ರು, ಟೀಚರು ತಮ್ಮ ಊರಿಗೆ ಹೋಗಿರುತ್ತಾರೆ. ಆಗ ಉಳಿಯುವವರು ಊರಿನ ತಾಯಂದಿರು.

ಶಾಲೆಯ ಹತ್ತಿರದ ಏಳು ಮನೆಗಳವರು ವಾರಕ್ಕೊಂದು ದಿನ ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಅಕ್ಕಿ, ತರಕಾರಿ ತೊಳೆದ ನೀರನ್ನು ಮಕ್ಕಳ ಕೈಲಿ ಕೊಟ್ಟು ಕಳಿಸಿ. ಇನ್ನೂ ಸುಲಭ ಬೇಕೆಂದರೆ ಹಳೆಯ ಮಣ್ಣಿನ ಗಡಿಗೆಯ ತಳಕ್ಕೆ ಸಣ್ಣ ತೂತು ಮಾಡಿ, ಹತ್ತಿಬಟ್ಟೆಯ ಬತ್ತಿ ತೂರಿಸಿ, ಗಿಡದ ಪಕ್ಕದಲ್ಲಿ ಕುತ್ತಿಗೆಯವರೆಗೆ ಹೂಳಿ ನೀರು ತುಂಬಿ ಮುಚ್ಚಿಡಿ. ನೀರು ಮೆಲ್ಲಗೆ ಬೇರಿಗೆ ಇಳಿಯುತ್ತದೆ. ಬುಡಕ್ಕೆ ಒಣ ತರಗು ಹೊದಿಸಿದರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ದನ ಮೇಯದಂತೆ ಮುಳ್ಳಿನ ಬೇಲಿಯನ್ನು ಮರೆಯಬೇಡಿ.

ದೊಡ್ಡವರು ಬಿಟ್ಟುಕೊಟ್ಟರೆ

ಮಕ್ಕಳಿಗೆ ಹೇಳಿಕೊಡುವುದು ಸುಲಭ. ನಾವು ಒಂದಿಷ್ಟು ಬಿಟ್ಟುಕೊಡುವುದು ಕಷ್ಟ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೆನೆಯಿರಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆ ಬೀಳುತ್ತದೆ, ವಾಸನೆ ಬರುತ್ತದೆ, ಹುಣಸೆಯ ಫಸಲೂ ಕೈತಪ್ಪುತ್ತದೆ. ಆದರೂ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಆ ಹಕ್ಕಿಗಳನ್ನು ಕಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹುಡುಗರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡು ಮೀನು ಹಾಕಿ ಸಾಕಿದರು. 2007ರಲ್ಲಿ ಆ ಊರು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಹಿರಿಯರು ಮರ ಕಡಿದಿದ್ದರೆ ಆ ಹುಡುಗರಿಗೆ ಸಾಕಲು ಮರಿಯಾದರೂ ಎಲ್ಲಿರುತ್ತಿತ್ತು?

ಅವರು ಹುಣಸೆ ಬಿಟ್ಟುಕೊಟ್ಟರು. ನಮ್ಮಿಂದ ಒಗ್ಗರಣೆಗೆ ಬೇಕಾದ ನಾಲ್ಕು ಎಸಳು ಕರಿಬೇವು ಬಿಟ್ಟುಕೊಡಲಾಗದೇ? ಶಾಲೆಯಲ್ಲಿ ಹುಳುವನ್ನು ಕಾಯಬೇಕೆಂದು ಕಲಿತ ಮಗು, ಮನೆಯಲ್ಲಿ ಅಮ್ಮ ಅದನ್ನೇ ಚಪ್ಪಲಿಯಲ್ಲಿ ಹೊಸಕುವುದನ್ನು ಕಂಡರೆ ಯಾವ ಪಾಠ ನಂಬಬೇಕು?

ಬಹಳ ಶಾಲೆಗಳಲ್ಲಿ ಇಕೋ ಕ್ಲಬ್ ಇದೆ. 2001ರಲ್ಲಿ ಶುರುವಾದ ರಾಷ್ಟ್ರೀಯ ಹಸಿರು ಪಡೆಯ ಯೋಜನೆಯಡಿ ಅವು ಹರಡಿದವು. ಮುಂದಿನ ಪೋಷಕರ ಸಭೆಗೆ ಹೋದಾಗ ಮಗುವಿನ ಅಂಕಗಳ ಜೊತೆಗೆ ಇದನ್ನೂ ವಿಚಾರಿಸಿ: ಈ ವರ್ಷ ಯಾವ ಗಿಡ ನೆಡುತ್ತೀರಿ, ರಜೆಯಲ್ಲಿ ನೀರು ಹಾಕುವ ಸರದಿ ಯಾರದು? ಸರದಿಯ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದೇ ಇರಲಿ, ಸೋದರಿಯರೇ. ಉಳಿದ ಆರು ಹೆಸರು ತಾವಾಗಿ ಸೇರಿಕೊಳ್ಳುತ್ತವೆ.