ತೆರವಾದ ಎರಡು ಬಗೆಯ ಪೀಠಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಕ್ಷಿಗಾರರ ಕೊನೆಯ ಭರವಸೆ ಬೆಂಗಳೂರಿನ ಅಠಾರಾ ಕಚೇರಿ. 2018ರ ಮೇ ಚುನಾವಣೆಗೆ ಕೆಲವೇ ತಿಂಗಳು ಮೊದಲು, ಉಚ್ಚ ನ್ಯಾಯಾಲಯದ 62 ಸ್ಥಾನಗಳಲ್ಲಿ ಅರ್ಧಕ್ಕೂ ಹೆಚ್ಚು ಬರಿದಾಗಿದ್ದವು. ವಕೀಲರು ಉಪವಾಸ ಕುಳಿತರು. 2016ರಲ್ಲೇ ಕೊಲಿಜಿಯಂ ಸೂಚಿಸಿದ್ದ ಜಿಲ್ಲಾ ನ್ಯಾಯಾಧೀಶ ಪಿ. ಕೃಷ್ಣ ಭಟ್ಟರ ವಿಷಯದಲ್ಲಿ ಕೇಂದ್ರ ಸರ್ಕಾರವು ನೇರವಾಗಿ ಉಚ್ಚ ನ್ಯಾಯಾಲಯಕ್ಕೆ ಪತ್ರ ಬರೆದುದನ್ನು, 2018ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಚೆಲಮೇಶ್ವರ್ ಆಕ್ಷೇಪಿಸಿದರು. ಭಟ್ಟರು ಪೀಠವೇರಿದ್ದು 2020ರಲ್ಲಿ.

ಆ ಚುನಾವಣೆಯಲ್ಲಿ ಎರಡು ಕಡೆ ಗೆದ್ದ ಎಚ್.ಡಿ. ಕುಮಾರಸ್ವಾಮಿಯವರು ಬಿಟ್ಟುಕೊಟ್ಟ ರಾಮನಗರದ ಶಾಸಕ ಸ್ಥಾನವಾದರೋ ಅದೇ ನವೆಂಬರಿನಲ್ಲಿ ತುಂಬಿತು. ತೆರವಾದ ಶಾಸಕ ಸ್ಥಾನಕ್ಕೆ ಕಾನೂನು ಆರು ತಿಂಗಳ ಗಡುವು ವಿಧಿಸಿದೆ; ನ್ಯಾಯಪೀಠಕ್ಕೆ ಅಂಥ ಗಡುವಿಲ್ಲ. ಮತ ಕೇಳುವವರು ಮಾಗಡಿಯ ರೈತನ ಹೊಸ್ತಿಲಿಗೆ ಕಾಲಕ್ಕೆ ಸರಿಯಾಗಿ ಬರುತ್ತಾರೆ. ಅವನ ಜಮೀನಿನ ತೀರ್ಪು ಮಾತ್ರ ಕಾಯಬೇಕು.